ಮಂಗೋಲ್ ಖಾತೂನರ ಕೈಯಲ್ಲಿ ಏನಿತ್ತು? 1241ರಿಂದ 1251ರವರೆಗಿನ ಹತ್ತು ವರ್ಷ

ತೇರುಗಾಲಿ:
ಮಂಗೋಲರ ಬಗ್ಗೆ ಕನ್ನಡದಲ್ಲಿ ಸಿಗುವ ಬರಹಗಳಲ್ಲಿ ಕುದುರೆ, ಬಿಲ್ಲು, ಕೊಳ್ಳೆ ಇದ್ದೇ ಇರುತ್ತವೆ. ಹೆಂಗಸರ ಹೆಸರು ಬಂದರೆ ಹೆಚ್ಚೆಂದರೆ ಎರಡು: ಮಕ್ಕಳನ್ನು ಕಾಡುಹಣ್ಣು, ಗೆಡ್ಡೆಗಳಿಂದ ಸಾಕಿದ ತಾಯಿ ಹೋಯೆಲುನ್, ಗಂಡಸರನ್ನು ಕುಸ್ತಿಯಲ್ಲಿ ಕೆಡವಿದ ಖುತುಲುನ್. ಆದರೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಚಂಗೀಸ್ ಖಾನನ ಮಗ, ಅವನ ನಂತರ ಪಟ್ಟವೇರಿದ ಒಗೆದೈ ಖಾನ್ ತೀರಿಕೊಂಡದ್ದು 1241ರ ಡಿಸೆಂಬರ್. ಮಗ ಗುಯುಕ್ ಪಟ್ಟಕ್ಕೆ ಬಂದದ್ದು 1246ರ ಆಗಸ್ಟ್. ಅವನು ಸತ್ತದ್ದು 1248ರ ವಸಂತದಲ್ಲಿ. ಮೊಂಕೆ ಪಟ್ಟವೇರಿದ್ದು 1251ರ ಜುಲೈ. ಈ ಒಂಬತ್ತೂವರೆ ವರ್ಷದಲ್ಲಿ ಖಾನ್ ಒಬ್ಬ ಗದ್ದುಗೆಯ ಮೇಲೆ ಇದ್ದದ್ದು ಎರಡು ವರ್ಷಕ್ಕೂ ಕಡಿಮೆ. ಉಳಿದ ಸುಮಾರು ಎಂಟು ವರ್ಷ ರಾಜ್ಯ ನಡೆಸಿದವರು ಒಗೆದೈಯ ಹೆಂಡತಿ ತೊರೆಗೆನೆ ಖಾತೂನ್ (ಖಾತೂನ್ ಎಂದರೆ ರಾಣಿ) ಮತ್ತು ಗುಯುಕ್ ಖಾನನ ಹೆಂಡತಿ ಓಗುಲ್ ಕೈಮಿಶ್, ಇಬ್ಬರು ವಿಧವೆಯರು.

"ಪ್ರಭಾವಿ ರಾಣಿ" ಎನ್ನುವ ಮಾತು ನನಗೆ ಸಾಲುತ್ತಿಲ್ಲ. ಆ ಅಧಿಕಾರ ಯಾವುದರ ಮೇಲೆ ನಿಂತಿತ್ತು? ಆಳು ಎಷ್ಟು, ಗಾಡಿ ಎಷ್ಟು, ತೆರಿಗೆ ಎಲ್ಲಿಂದ, ಮುದ್ರೆ ಯಾರ ಬಳಿ? ಗೊತ್ತಿರುವವರು ಲೆಕ್ಕ ಸಮೇತ ಬರೆಯಿರಿ.

ಹುಲ್ಲುಬಯಲು:
ಓರ್ದೊ ಎಂಬ ಪದದಿಂದಲೇ ಶುರು ಮಾಡಬೇಕು. ನಮ್ಮ ಹಳೆಯ ಶಾಸನಗಳಲ್ಲಿ ಬರುವ "ಬೀಡು" ಇದಕ್ಕೆ ಹತ್ತಿರದ ಪದ. ಬೀಡು ಬಿಟ್ಟ ಕಡೆಯೇ ರಾಜಧಾನಿ. ("ಉರ್ದು" ಭಾಷೆಯ ಹೆಸರಿನ ಮೂಲವೂ ಇದೇ ಪದ.) ಖಾನನಿಗೊಂದು ಅರಮನೆ, ಅದರೊಳಗೆ ಅಂತಃಪುರ ಎಂದು ಕಲ್ಪಿಸಿಕೊಂಡರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತೇವೆ. ಹಿರಿಯ ಹೆಂಡತಿಯರಲ್ಲಿ ಒಬ್ಬೊಬ್ಬಳಿಗೂ ಅವಳದೇ ಓರ್ದೊ ಇರುತ್ತಿತ್ತು. ಚಂಗೀಸ್ ಖಾನನ ನಾಲ್ಕು ಓರ್ದೊಗಳ ಒಡತಿಯರು ಬೋರ್ತೆ, ಖುಲಾನ್, ಯೆಸುಯಿ ಮತ್ತು ಯೆಸುಗೆನ್. ಬೀಡಿನ ಯಜಮಾನಿ ಅವಳು. ಖಾನ್ ಒಂದು ಬೀಡಿನಿಂದ ಇನ್ನೊಂದಕ್ಕೆ ಬಂದು ಹೋಗುವವನು.

ಗಾತ್ರದ ಅಂದಾಜು ಬೇಕಿದ್ದರೆ ರೂಬ್ರುಕ್‌ನ ವಿಲಿಯಂ ಎಂಬ ಫ್ರಾನ್ಸಿಸ್ಕನ್ ಪಾದ್ರಿಯ ವರದಿಗಿಂತ ಒಳ್ಳೆಯದು ಸಿಗದು. 1253ರಲ್ಲಿ ವೋಲ್ಗಾ ಸೀಮೆಯಲ್ಲಿ ಚಂಗೀಸನ ಮೊಮ್ಮಗ ಬಾತುವಿನ ಬೀಡನ್ನು ಕಂಡವನು ಅವನು. ಬಾತುವಿಗೆ 26 ಹೆಂಡತಿಯರು. ಒಬ್ಬೊಬ್ಬಳಿಗೂ ಒಂದು ದೊಡ್ಡ ಡೇರೆಮನೆ, ಅದರ ಹಿಂದೆ ಊಳಿಗದ ಹುಡುಗಿಯರಿಗೆ ಸಣ್ಣ ಡೇರೆಗಳು, ಇದಕ್ಕೆಲ್ಲ ಸೇರಿ 200 ಗಾಡಿ. ಲೆಕ್ಕ ಹಾಕಿದರೆ 5,200 ಗಾಡಿಯಾಯಿತು. ದೊಡ್ಡ ಡೇರೆಯನ್ನು ಬಿಚ್ಚುತ್ತಿರಲಿಲ್ಲ, ಇದ್ದ ಹಾಗೆಯೇ ಗಾಡಿಯ ಮೇಲೇರಿಸಿ ಸಾಗಿಸುತ್ತಿದ್ದರು. ಎರಡು ಚಕ್ರಗಳ ಜಾಡಿನ ನಡುವೆ 20 ಅಡಿ ಇದ್ದದ್ದನ್ನು ಅವನೇ ಅಳೆದಿದ್ದಾನೆ. ಡೇರೆ ಎರಡೂ ಬದಿಗೆ ಕನಿಷ್ಠ ಐದೈದು ಅಡಿ ಆಚೆ ಚಾಚಿತ್ತು. ಎಳೆಯಲು 22 ಎತ್ತು, ಹನ್ನೊಂದರಂತೆ ಎರಡು ಸಾಲು. ಇರುಸು ಹಡಗಿನ ಹಾಯಿಕಂಬದಷ್ಟು ದಪ್ಪ.

ಸಾಮಾನಿನ ಪೆಟ್ಟಿಗೆಗಳನ್ನು ಕಡ್ಡಿಯಿಂದ ಹೆಣೆದು ಕಪ್ಪು ಕಂಬಳಿ ಹೊದಿಸುತ್ತಿದ್ದರು. ಮಳೆನೀರು ಇಳಿಯದಿರಲಿ ಎಂದು ಆ ಕಂಬಳಿಗೆ ಕೊಬ್ಬು ಇಲ್ಲವೇ ಕುರಿಹಾಲು ತಿಕ್ಕುವುದಿತ್ತು. ಹೊಳೆ ದಾಟುವಾಗ ನೆನೆಯಬಾರದೆಂದು ಈ ಪೆಟ್ಟಿಗೆಗಳ ಗಾಡಿ ಎತ್ತರ, ಎಳೆಯುವುದು ಒಂಟೆ. ಬಟ್ಟಬಯಲಿನಲ್ಲಿ ಗಾಡಿಗಳನ್ನು ಒಂದರ ಹಿಂದೊಂದು ಕಟ್ಟಿ, ಒಬ್ಬಳೇ ಹೆಂಗಸು 20ರಿಂದ 30 ಗಾಡಿ ಹೊಡೆಯುತ್ತಿದ್ದಳು.

ಬೀಡು ಇಳಿದಾಗ ಬಾಗಿಲುಗಳೆಲ್ಲ ತೆಂಕಣಕ್ಕೆ. ಪಟ್ಟದ ಹೆಂಡತಿಯ ಡೇರೆ ಪಡುವಣ ತುದಿಯಲ್ಲಿ, ಕೊನೆಯವಳದು ಮೂಡಣ ತುದಿಯಲ್ಲಿ, ಎರಡು ಡೇರೆಗಳ ನಡುವೆ ಕಲ್ಲೆಸೆತದ ಅಂತರ. ಯಾರ ಅಂತಸ್ತು ಎಷ್ಟೆಂದು ದೂರದಿಂದ ಕುದುರೆಯ ಮೇಲೆ ಬರುವವನಿಗೂ ಗೊತ್ತಾಗುತ್ತಿತ್ತು.

ಕೆಲಸದ ಹಂಚಿಕೆಯನ್ನೂ ಅವನು ಬರೆದಿದ್ದಾನೆ. ಗಾಡಿ ಹೊಡೆಯುವುದು, ಡೇರೆ ಏರಿಸಿ ಇಳಿಸುವುದು, ಹಸು ಕರೆಯುವುದು, ಬೆಣ್ಣೆ ಮತ್ತು ಒಣಮೊಸರಿನ ಗಟ್ಟಿ, ಚರ್ಮ ಹದ ಮಾಡುವುದು, ಪ್ರಾಣಿಯ ನರದ ಎಳೆಯಿಂದ ಹೊಲಿಯುವುದು ಹೆಂಗಸರ ಪಾಲು. ಬಿಲ್ಲು, ಬಾಣ, ಜೀನು, ಕುದುರೆ ಕರೆಯುವುದು, ಕುಮಿಸ್ (ಹುಳಿಬರಿಸಿದ ಕುದುರೆಹಾಲು) ಕಡೆಯುವುದು ಗಂಡಸರ ಪಾಲು. ಗಂಡಸರೆಲ್ಲ ಎರಡು ವರ್ಷ ದಂಡಯಾತ್ರೆಗೆ ಹೋದರೂ ಬೀಡು ನಿಲ್ಲುತ್ತಿರಲಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ. ಖಾನ್ ಸತ್ತ ಮರುದಿನವೂ ಆ ಗಾಡಿ, ಆ ಆಳು, ಆ ಹಿಂಡು ಅವಳ ಹತೋಟಿಯಲ್ಲೇ ಇರುತ್ತಿದ್ದವು.

ಓಲೆಗರಿ:
ಆಳುಗಳು ಎಲ್ಲಿಂದ ಬರುತ್ತಿದ್ದರು ಎಂಬುದಕ್ಕೆ ಮಂಗೋಲರದೇ ಹಳೆಯ ಚರಿತ್ರೆಯ ಗ್ರಂಥವಾದ "ಮಂಗೋಲರ ರಹಸ್ಯ ಇತಿಹಾಸ"ದ 208ನೇ ಖಂಡದಲ್ಲಿ ಉದಾಹರಣೆ ಇದೆ. ಪದ "ಇಂಜೆ": ಮದುಮಗಳ ಜೊತೆ ತವರಿನಿಂದ ಬರುವ ಜನ. ಕೆರೆಯಿತ್ ಮನೆತನದ ಜಾಖ ಗಂಬು ತನ್ನ ಮಗಳು ಇಬಕಾ ಬೆಕಿಯನ್ನು ಚಂಗೀಸನಿಗೆ ಕೊಟ್ಟಾಗ 200 ಜನರನ್ನೂ ಇಬ್ಬರು ಅಡುಗೆ ಮುಖ್ಯಸ್ಥರನ್ನೂ ಇಂಜೆಯಾಗಿ ಕಳಿಸಿದ. ಮುಂದೆ ಚಂಗೀಸ್ ಅವಳನ್ನು ಸೇನಾನಿ ಜುರ್ಚೆದೈಗೆ ಕೊಟ್ಟ. ಆಗ, ನಿನ್ನ ನೆನಪಿಗೆ 100 ಜನರನ್ನೂ ಅಶಿಕ್ ತೆಮುರ್ ಎಂಬ ಅಡುಗೆಯವನನ್ನೂ ಬಿಟ್ಟು ಹೋಗು ಎಂದು ಕೇಳಿಕೊಳ್ಳುತ್ತಾನೆ. ಪ್ರಪಂಚ ಗೆದ್ದವನು ಹೆಂಡತಿಯ ಆಳುಗಳನ್ನು ತಾನಾಗಿ ಕಿತ್ತುಕೊಳ್ಳದೆ ಕೇಳಿ ಪಡೆದ. ಆ ಜನ ಅವಳ ಸ್ವತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಈ ಇಬಕಾಳ ತಂಗಿಯೇ ಸೊರ್ಕಕ್ತಾನಿ ಬೆಕಿ. ಚಂಗೀಸನ ಕಿರಿಯ ಮಗ ತೊಲುಯಿಯ ಹೆಂಡತಿ, ಮೊಂಕೆ, ಕುಬ್ಲಾಯಿ, ಹುಲಗು, ಅರಿಕ್ ಬೋಕೆ ಈ ನಾಲ್ವರ ತಾಯಿ.

ಸಂತೆಪೇಟೆ:
ಸೊರ್ಕಕ್ತಾನಿಯ ಆದಾಯದ ಬಗ್ಗೆ ಏನಾದರೂ ಅಂಕಿ ಉಳಿದಿದೆಯೇ?

ಹುಲ್ಲುಬಯಲು:
ಇದೆ. 1235-36ರಲ್ಲಿ ಉತ್ತರ ಚೀನಾದ ಮನೆಗಣತಿ ಮುಗಿದ ಮೇಲೆ ಒಗೆದೈ ರಾಜಮನೆತನದವರಿಗೆ ಪ್ರದೇಶ ಹಂಚಿದ. ತೊಲುಯಿಯ ಶಾಖೆಗೆ ಬಂದದ್ದು ಈಗಿನ ಹೆಬೈ ಪ್ರಾಂತ್ಯದ ಝೆಂಗ್‌ಡಿಂಗ್, ಆಗಿನ ಹೆಸರು ಝೆಂಡಿಂಗ್. 80,000 ಮನೆ. ತೊಲುಯಿ 1232ರಲ್ಲೇ ತೀರಿಕೊಂಡಿದ್ದರಿಂದ ಯಜಮಾನಿಕೆ ಸೊರ್ಕಕ್ತಾನಿಯದು.

ಮಂತ್ರಿ ಯೆಲು ಚುಚಾಯಿ ಈ ಹಂಚಿಕೆಗೆ ಒಂದು ಕಟ್ಟುಪಾಡು ಹಾಕಿಸಿದ್ದ. ಪ್ರದೇಶ ಪಡೆದವರು ತಮ್ಮ ಮೇಲ್ವಿಚಾರಕನನ್ನು ಇಡಬಹುದು, ಆದರೆ ವಸೂಲಿ ಆಸ್ಥಾನದ ಅಧಿಕಾರಿಗಳ ಮೂಲಕವೇ ಆಗಬೇಕು. ಎರಡು ಮನೆಗೆ ಒಂದು ಜಿನ್ ರೇಷ್ಮೆ ಸರ್ಕಾರಕ್ಕೆ, ಐದು ಮನೆಗೆ ಒಂದು ಜಿನ್ ಪ್ರದೇಶದ ಒಡೆಯರಿಗೆ. ಒಂದು ಜಿನ್ ಸುಮಾರು 600 ಗ್ರಾಂ. 80,000 ಮನೆಗೆ ಇವಳ ಪಾಲು ವರ್ಷಕ್ಕೆ 16,000 ಜಿನ್, ಹೆಚ್ಚುಕಡಿಮೆ ಒಂಬತ್ತೂವರೆ ಟನ್ ರೇಷ್ಮೆನೂಲು. ಇದು ಕಾಗದದ ಮೇಲಿನ ಲೆಕ್ಕ. ತೆರಿಗೆಯ ಭಾರಕ್ಕೆ ಮನೆಗಳು ಊರು ಬಿಟ್ಟು ಓಡಿದರೆ ಕೈಗೆ ಬರುವುದು ಕಡಿಮೆ. ಹುಲ್ಲುಗಾವಲಿನ ದೊರೆಗಳಲ್ಲಿ ಹಲವರಿಗೆ ಅರ್ಥವಾಗದಿದ್ದ ವಿಷಯ ಇದು: ರೈತನನ್ನು ಒಮ್ಮೆ ಸುಲಿದರೆ ಮುಂದಿನ ವರ್ಷ ಸುಲಿಯಲು ರೈತನೇ ಇರುವುದಿಲ್ಲ. ಸೊರ್ಕಕ್ತಾನಿಗೆ ಅದು ಅರ್ಥವಾಗಿತ್ತು. ಕುಬ್ಲಾಯಿ ಚೀನೀ ಸಲಹೆಗಾರರನ್ನು ಇಟ್ಟುಕೊಂಡು ಆಡಳಿತ ಕಲಿತದ್ದು ಈ ಮನೆಯಲ್ಲಿ.

ಸೈನ್ಯದ ಲೆಕ್ಕವೂ ಇದೆ. ಕಿರಿಯ ಮಗನಿಗೆ ತಂದೆಯ ಒಲೆ ಎಂಬುದು ಮಂಗೋಲ್ ಪದ್ಧತಿ. ಪರ್ಷಿಯನ್ ಇತಿಹಾಸಕಾರ ರಶೀದುದ್ದೀನ್ ಕೊಡುವ ಪಟ್ಟಿಯಲ್ಲಿ ಚಂಗೀಸನ 1,29,000 ಸೈನಿಕರ ಪೈಕಿ 1,01,000 ಕಿರಿಯವನಾದ ತೊಲುಯಿಯ ಪಾಲು. ಆದ್ದರಿಂದ ತೊಲುಯಿಯ ವಿಧವೆ ಯಾರನ್ನು ಮರುಮದುವೆಯಾಗುತ್ತಾಳೆ ಎನ್ನುವುದು ರಾಜ್ಯದ ಪ್ರಶ್ನೆ. ಒಗೆದೈ ತನ್ನ ಮಗ ಗುಯುಕ್‌ನನ್ನು ಮದುವೆಯಾಗುವಂತೆ ಹೇಳಿ ಕಳಿಸಿದ. ಮಕ್ಕಳನ್ನು ದೊಡ್ಡವರನ್ನಾಗಿ ಮಾಡುವುದೇ ತನ್ನ ಬಯಕೆ ಎಂದು ಹೇಳಿ ಅವಳು ಆ ಮಾತು ತಳ್ಳಿಹಾಕಿದಳು. ಒಪ್ಪಿದ್ದರೆ ಓರ್ದೊ, ಝೆಂಡಿಂಗ್, ಸೈನ್ಯ ಎಲ್ಲವೂ ಒಗೆದೈ ಮನೆಗೆ ಸೇರುತ್ತಿತ್ತು. ನಾಲ್ಕು ಮಕ್ಕಳ ಹೆಸರೂ ಇತಿಹಾಸದಲ್ಲಿ ಇರುತ್ತಿರಲಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಸೂಕ್ಷ್ಮ. ತೊಲುಯಿಯ ಪಾಲಿನ ಸುಲ್ದುಸ್ ಪಡೆಯನ್ನು ಒಗೆದೈ ಕೇಳದೆಯೇ ತನ್ನ ಮಗ ಕೋತೆನ್‌ಗೆ ಕೊಟ್ಟುಬಿಟ್ಟ. ಸರದಾರರು ಸಿಡಿದೆದ್ದರು. ನಾವೂ ಖಾನನವರೇ, ಆಸ್ತಿಗೆ ನಮಗೇನು ಕೊರತೆ ಎಂದು ಅವಳು ಅವರನ್ನು ಸುಮ್ಮನಾಗಿಸಿದಳು. ಪರಿಣಾಮ ಕಂಡದ್ದು ವರ್ಷಗಳ ನಂತರ: ಒಗೆದೈ ಶಾಖೆಯ ಉಳಿದವರು ಮೊಂಕೆಯ ವಿರುದ್ಧ ನಿಂತಾಗ ಕೋತೆನ್‌ನ ಮನೆಯವರು ನಿಲ್ಲಲಿಲ್ಲ.

ಮಸಿಕುಡಿಕೆ:
ತೊರೆಗೆನೆಯ ವಿಷಯಕ್ಕೆ ಬನ್ನಿ. ಓದಿದ ಕಡೆಯೆಲ್ಲ ಅವಳು ಹಗೆತನದವಳು, ಫಾತಿಮಾ ಎಂಬ ಸೆರೆಯಾಳಿನ ಮಾತು ಕೇಳಿ ಆಡಳಿತ ಕೆಡಿಸಿದವಳು ಎಂದೇ ಇದೆ. ಸೊರ್ಕಕ್ತಾನಿಯನ್ನಾದರೋ ಎಲ್ಲರೂ ಹೊಗಳುತ್ತಾರೆ. ಇದು ನಿಜವೇ?

ಓಲೆಗರಿ:
ಬರೆದವರು ಯಾರ ಅನ್ನ ಉಂಡವರು ಎಂದು ಮೊದಲು ಕೇಳಬೇಕು. ಜುವೈನಿ ಹುಲಗುವಿನ ಕೈಕೆಳಗೆ ಬಾಗ್ದಾದ್ ಆಳಿದವನು. ರಶೀದುದ್ದೀನ್ ಹುಲಗುವಿನ ಮರಿಮೊಮ್ಮಗ ಗಜಾನ್‌ನ ಮಂತ್ರಿ. ಚೀನೀ ಭಾಷೆಯ "ಯುವಾನ್ ಇತಿಹಾಸ"ಕ್ಕೆ ಆಧಾರವಾದ ದಾಖಲೆಗಳು ಕುಬ್ಲಾಯಿ ವಂಶದ ಆಸ್ಥಾನದವು. ಮೂರೂ ಕಡೆ ಯಜಮಾನರು ಸೊರ್ಕಕ್ತಾನಿಯ ಮಕ್ಕಳು, ಮೊಮ್ಮಕ್ಕಳು. 1251ರಲ್ಲಿ ಪಟ್ಟ ಒಗೆದೈ ಮನೆಯಿಂದ ತೊಲುಯಿ ಮನೆಗೆ ಬಂದದ್ದು ಸರಿ ಎನ್ನಿಸಬೇಕಾದರೆ ಅದರ ಹಿಂದಿನ ಹತ್ತು ವರ್ಷ ಕೆಟ್ಟದಾಗಿರಲೇಬೇಕಿತ್ತು.

ಹಾಗೆಂದು ಆರೋಪಗಳೆಲ್ಲ ಸುಳ್ಳಲ್ಲ. ಒಂದೊಂದನ್ನೇ ಬಿಡಿಸಿ ನೋಡೋಣ.

ಗುತ್ತಿಗೆ ವಸೂಲಿ. ಅಬ್ದುರ್ರಹಮಾನ್ ಎಂಬ ವ್ಯಾಪಾರಿಗೆ ಉತ್ತರ ಚೀನಾದ ತೆರಿಗೆ ಗುತ್ತಿಗೆ ಕೊಟ್ಟು ಜನರನ್ನು ಹಿಂಡಿದಳು ಎನ್ನುತ್ತಾರೆ. ಆದರೆ 22,000 ಡಿಂಗ್ ಇದ್ದ ಬೆಳ್ಳಿಯ ಮೊತ್ತವನ್ನು ಅವನು 44,000 ಡಿಂಗ್‌ಗೆ ಏರಿಸಿ ಗುತ್ತಿಗೆ ಹಿಡಿದದ್ದು ಒಗೆದೈ ಬದುಕಿದ್ದಾಗಲೇ, 1239ರ ಕೊನೆಯಲ್ಲಿ. ಒಂದು ಡಿಂಗ್‌ಗೆ 50 ಲಿಯಾಂಗ್ (ಎರಡೂ ಬೆಳ್ಳಿಯ ತೂಕದ ಅಳತೆ); ಅಂದರೆ 11 ಲಕ್ಷ ಲಿಯಾಂಗ್ ಒಮ್ಮೆಗೇ 22 ಲಕ್ಷವಾಯಿತು. ಆ ಪಾಪದ ಆರಂಭ ಗಂಡನದು. ಅವಳು ಅದನ್ನು ಮುಂದುವರಿಸಿದಳು.

ಖಾಲಿ ಹಾಳೆಗೆ ಮುದ್ರೆ. ಅಬ್ದುರ್ರಹಮಾನ್ ಬೇಕಾದ್ದು ತುಂಬಿಕೊಳ್ಳಲಿ ಎಂದು ಮುದ್ರೆ ಒತ್ತಿದ ಖಾಲಿ ಹಾಳೆಗಳನ್ನು ಕೊಟ್ಟಳು, ಯೆಲು ಚುಚಾಯಿ ವಿರೋಧಿಸಿದ ಎಂದು ಯುವಾನ್ ಇತಿಹಾಸ ಹೇಳುತ್ತದೆ. ಇದನ್ನು ತಳ್ಳಿಹಾಕಲು ಕಾರಣ ಕಾಣದು. ಇಂಥ ಹಾಳೆಗಳು ಒಮ್ಮೆ ಹೊರಗೆ ಹೋದರೆ ಹಿಂದಕ್ಕೆ ತರಿಸುವುದು ಬಲು ಕಷ್ಟ. ಮೊಂಕೆ ಪಟ್ಟಕ್ಕೆ ಬಂದ ಮೇಲೆ ಮಾಡಿಸಿದ ಮೊದಲ ಕೆಲಸಗಳಲ್ಲಿ ಒಂದು ಹಿಂದಿನ ಆಜ್ಞಾಪತ್ರ, ಅಧಿಕಾರದ ಬಿಲ್ಲೆಗಳನ್ನು ಮರಳಿ ಪಡೆಯುವುದು.

ಮಂತ್ರಿಗಳ ಬದಲಾವಣೆ. ಚಿಂಕಾಯಿ ಮತ್ತು ಮಹಮೂದ್ ಯಲವಾಚ್ ಜೀವ ಉಳಿಸಿಕೊಳ್ಳಲು ಅವಳ ಸ್ವಂತ ಮಗ ಕೋತೆನ್‌ನ ಬೀಡಿಗೆ ಓಡಿದರು. ಒಪ್ಪಿಸು ಎಂದು ತಾಯಿ ಹೇಳಿ ಕಳಿಸಿದರೂ ಮಗ ಒಪ್ಪಿಸಲಿಲ್ಲ. ಹೊಸದಾಗಿ ಪಟ್ಟಕ್ಕೆ ಬರುವ ಯಾವ ದೊರೆಯೂ ಹಳೆಯ ಮಂತ್ರಿಗಳನ್ನು ತೆಗೆದು ತನ್ನವರನ್ನು ಇಡುತ್ತಾನೆ. ಅದೇ ಕೆಲಸ ಹೆಂಗಸು ಮಾಡಿದಾಗ ಮಾತ್ರ ಅದು ಹಗೆತನ ಎನಿಸಿಕೊಂಡಿತು. ಅಲ್ಲದೆ ಪೂರ್ವ ಇರಾನಿನ ಖುರಾಸಾನಿಗೆ ಅವಳು ಆಡಳಿತಗಾರನಾಗಿ ಕಳಿಸಿದ ಅರ್ಘುನ್ ಆಗಾ ಮುಂದೆ ಮೊಂಕೆಯ ಕಾಲದಲ್ಲೂ ಅದೇ ಹುದ್ದೆಯಲ್ಲಿ ಮುಂದುವರಿದ. ಕೆಟ್ಟ ಆಯ್ಕೆಯಾಗಿದ್ದರೆ ಮೊಂಕೆ ಇಟ್ಟುಕೊಳ್ಳುತ್ತಿರಲಿಲ್ಲ.

ತೇರುಗಾಲಿ:
ತುಂಬಾ ಉಪಯೋಗವಾಯಿತು. ಖಾನ್ ಸತ್ತ ದಿನದಿಂದ ಹೊಸ ಖಾನ್ ಬರುವವರೆಗೆ ಏನೇನು ನಡೆಯಬೇಕಿತ್ತು, ಎಲ್ಲಿ ಕೆಡುತ್ತಿತ್ತು ಎಂಬುದನ್ನು ಕ್ರಮವಾಗಿ ಹೇಳಲು ಆಗುತ್ತದೆಯೇ?

ಹುಲ್ಲುಬಯಲು:
ತೊರೆಗೆನೆಯದೇ ಉದಾಹರಣೆ. ಮೊದಲು ಹಿರಿತನ ಇತ್ಯರ್ಥವಾಗಬೇಕು. ಒಗೆದೈ ಸತ್ತಾಗ ಮುಂದೆ ನಿಂತವಳು ಮೋಗೆ ಖಾತೂನ್, ಹಿಂದೆ ಚಂಗೀಸನ ಹೆಂಡತಿಯಾಗಿದ್ದವಳು. ಅವಳು ಬೇಗ ತೀರಿಕೊಂಡಳು. ಆಮೇಲೆ ಪಟ್ಟಕ್ಕೆ ಹಕ್ಕುಳ್ಳ ಗಂಡುಮಕ್ಕಳ ತಾಯಿ ಎಂಬ ಕಾರಣಕ್ಕೆ ತೊರೆಗೆನೆಗೆ ಒಪ್ಪಿಗೆ ಸಿಕ್ಕಿತು. ಆ ಒಪ್ಪಿಗೆ ಕೊಟ್ಟ ಹಿರಿಯ ಚಂಗೀಸನ ಮಗ ಚಗತಾಯಿ. ಅವನೂ ಹೆಚ್ಚು ದಿನ ಉಳಿಯಲಿಲ್ಲ.

ಎರಡನೆಯದು ಬೀಡಿನ ರಕ್ಷಣೆ. ಚಂಗೀಸನ ತಮ್ಮ ತೆಮುಗೆ ಸೈನ್ಯ ಕಟ್ಟಿಕೊಂಡು ಒಗೆದೈಯ ಓರ್ದೊ ಕಡೆಗೆ ಹೊರಟೇಬಿಟ್ಟ. ತೊರೆಗೆನೆ ಅವನ ಬಳಿಗೆ ದೂತರನ್ನು ಕಳಿಸಿ ಮಾತಿನಲ್ಲಿ ಕಟ್ಟಿಹಾಕಿದಳು. ಅಷ್ಟರಲ್ಲಿ ಗುಯುಕ್ ಪಶ್ಚಿಮದ ದಂಡಿನಿಂದ ಹಿಂತಿರುಗುತ್ತಿರುವ ಸುದ್ದಿ ಬಂತು. ತೆಮುಗೆ ವಾಪಸು ಹೋದ. ಒಂದು ಬಾಣವೂ ಬಿಡದೆ ತಪ್ಪಿದ ಯುದ್ಧ ಅದು, ಬರಹಗಾರರು ಅದಕ್ಕೆ ಕೊಡುವ ಜಾಗ ನಾಲ್ಕೇ ಸಾಲು.

ಮೂರನೆಯದು ಕುರುಲ್ತಾಯಿ, ಅಂದರೆ ಹೊಸ ಖಾನನನ್ನು ಆರಿಸುವ ಮಹಾಸಭೆ, ಕರೆಯುವುದು. ಕಷ್ಟವೆಲ್ಲ ಇಲ್ಲೇ. ರಾಜಮನೆತನದ ಎಲ್ಲ ಶಾಖೆಗಳೂ ಬರಬೇಕು. ವೋಲ್ಗಾದಿಂದ ಮಂಗೋಲಿಯಕ್ಕೆ ಬೀಡು ಸಮೇತ ಬರುವುದು ತಿಂಗಳುಗಟ್ಟಲೆಯ ಪಯಣ. ಸಾವಿರಾರು ಕುದುರೆಗೆ ಮೇವು ಬೇಕಾದ್ದರಿಂದ ಹಸಿ ಹುಲ್ಲಿರುವ ತಿಂಗಳುಗಳಲ್ಲೇ ಸೇರಬೇಕು. ಒಂದು ಬೇಸಿಗೆ ತಪ್ಪಿದರೆ ಇನ್ನೊಂದು ವರ್ಷ. ಬಾರದಿರುವುದೇ ವಿರೋಧದ ದಾರಿ: ಬಾತು ಕಾಲುನೋವಿನ ನೆಪ ಹೇಳಿ ಮುಂದೂಡುತ್ತಲೇ ಹೋದ. ಕಾದಷ್ಟೂ ಉಡುಗೊರೆಯ ಖರ್ಚು ಬೆಳೆಯುತ್ತದೆ, ಖರ್ಚಿಗೆ ತೆರಿಗೆ ಬೇಕು. ಅಬ್ದುರ್ರಹಮಾನ್‌ನಂಥವನು ಅನಿವಾರ್ಯವಾದದ್ದು ಅದಕ್ಕೇ ಎಂದು ನನ್ನ ಅಭಿಪ್ರಾಯ.

ಕೊನೆಗೂ 1246ರಲ್ಲಿ ಬಾತು ಇಲ್ಲದೆಯೇ ಕುರುಲ್ತಾಯಿ ಸೇರಿತು. ಪೋಪನ ದೂತ ಕಾರ್ಪಿನಿ ಅಲ್ಲಿದ್ದ. 2,000 ಜನ ಹಿಡಿಸುವ ಡೇರೆ, 4,000ಕ್ಕೂ ಹೆಚ್ಚು ದೂತರು ಎಂದು ಬರೆದಿದ್ದಾನೆ. ಮಗನಿಗೆ ಪಟ್ಟ ಕಟ್ಟಿಸಿದ ಕೆಲವೇ ತಿಂಗಳಲ್ಲಿ ತೊರೆಗೆನೆ ತೀರಿಕೊಂಡಳು. ಅವಳ ಆಸರೆ ಇಲ್ಲದ ಫಾತಿಮಾಳನ್ನು ಮಾಟದ ಆರೋಪ ಹೊರಿಸಿ, ಹಿಂಸಿಸಿ, ಕಂಬಳಿಯಲ್ಲಿ ಸುತ್ತಿ ಹೊಳೆಗೆ ಎಸೆದರು.

ಓಗುಲ್ ಕೈಮಿಶ್ ಸೋತದ್ದು ಇದೇ ಮೂರು ಮೆಟ್ಟಿಲುಗಳಲ್ಲಿ. ಅವಳದೇ ಮಕ್ಕಳಾದ ಖೋಜಾ ಮತ್ತು ನಾಖು ತಾಯಿಗೆ ಎದುರಾಗಿ ಬೇರೆ ಬೇರೆ ದರ್ಬಾರು ನಡೆಸಿದರು. ಮೂರು ಕಡೆಯಿಂದ ಆಜ್ಞೆ ಹೊರಟರೆ ಯಾವುದು ನಡೆಯಬೇಕು? ಅತ್ತ ಸೊರ್ಕಕ್ತಾನಿ, ಕಾಯಿಲೆಯ ಹಿರಿಯನನ್ನು ನೋಡಿ ಬಾ ಎಂದು ಮೊಂಕೆಯನ್ನು ಬಾತುವಿನ ಬಳಿಗೆ ಕಳಿಸಿದಳು. ಹಿಂದೆ ಗುಯುಕ್ ಪಶ್ಚಿಮಕ್ಕೆ ಹೊರಟಾಗ ಬಾತುವಿಗೆ ಗುಟ್ಟಾಗಿ ಎಚ್ಚರಿಕೆ ಕಳಿಸಿದವಳೂ ಅವಳೇ. ಆ ಋಣ ಇಲ್ಲಿ ತೀರಿತು. ಬಾತು ಮೊಂಕೆಯ ಹೆಸರು ಎತ್ತಿದ.

1252ರಲ್ಲಿ ಓಗುಲ್ ಕೈಮಿಶಳ ವಿಚಾರಣೆ ನಡೆದದ್ದು ಸೊರ್ಕಕ್ತಾನಿಯ ಬೀಡಿನಲ್ಲಿ. ಬಟ್ಟೆ ಬಿಚ್ಚಿಸಿ ನಿಲ್ಲಿಸಿದಾಗ, ಅರಸನೊಬ್ಬನೇ ಕಂಡ ಮೈಯನ್ನು ಬೇರೆಯವರು ಹೇಗೆ ನೋಡಬಹುದು ಎಂದು ಅವಳು ಕೇಳಿದಳೆಂದು ರಶೀದುದ್ದೀನ್ ಬರೆಯುತ್ತಾನೆ. ಅವಳನ್ನೂ ಕಂಬಳಿಯಲ್ಲಿ ಸುತ್ತಿ ನೀರಿಗೆ ಹಾಕಿದರು. ಸೊರ್ಕಕ್ತಾನಿಯನ್ನು ಮೆಚ್ಚುವವರು ಈ ಪುಟವನ್ನೂ ಓದಬೇಕು.

ಟಂಕಸಾಲೆ:
ನಾಣ್ಯದ ಬಗ್ಗೆ ಒಂದು ಎಚ್ಚರಿಕೆ. ಕುದುರೆಯ ಮೇಲೆ ಹಿಂದಕ್ಕೆ ತಿರುಗಿ ಬಾಣ ಬಿಡುವ ಸವಾರನ ಬೆಳ್ಳಿ ದಿರ್ಹಮ್ ಚಿತ್ರ ಹಾಕಿ "ತೊರೆಗೆನೆ ರಾಣಿಯ ನಾಣ್ಯ" ಎಂದು ಬರೆಯುವುದುಂಟು. ಅದರ ಮೇಲೆ "ಉಲುಘ್ ಮಂಗೋಲ್ ಉಲುಸ್ ಬೆಕ್" ಎಂದಿದೆ, ಅವಳ ಹೆಸರಿಲ್ಲ. ಹಿಜ್ರಿ 642-643, ಅಂದರೆ 1244ರಿಂದ 1246ರ ನಡುವಿನದು. ಕಾಕಸಸ್ ಮತ್ತು ವಾಯವ್ಯ ಇರಾನಿನ ಟಂಕಸಾಲೆಗಳದು. ತಾರೀಖು ನೋಡಿ ಅವಳ ಕಾಲದ್ದು ಎನ್ನುತ್ತೇವೆ, ಅಷ್ಟೇ. ಸವಾರನೇ ರಾಣಿ ಎಂದು ಹೇಳುವುದು ಕಲ್ಪನೆ.

ಹೆಣ್ಣಿನ ಹೆಸರೇ ಇರುವ ನಾಣ್ಯ ಬೇಕಿದ್ದರೆ ಸಾತಿ ಬೆಗ್‌ಳದನ್ನು ನೋಡಿ. ಇರಾನಿನ ಇಲ್ಖಾನ್ ವಂಶದಲ್ಲಿ ಪಟ್ಟವೇರಿದ ಹೆಂಗಸು, ಹಿಜ್ರಿ 739ರಿಂದ ಸ್ವಲ್ಪ ಕಾಲ. "ನ್ಯಾಯವಂತ ಸುಲ್ತಾನಾ ಸಾತಿ ಬೆಗ್ ಖಾನ್" ಎಂದು ಅಚ್ಚಾಗಿದೆ. "ಸುಲ್ತಾನಾ" ಸ್ತ್ರೀಲಿಂಗ, "ಖಾನ್" ಮಾತ್ರ ಗಂಡಸರ ಪದವಿ; ಖಾತೂನ್ ಎಂದು ಹಾಕಿಸಿಲ್ಲ.

ಮಸಿಕುಡಿಕೆ:
ರಹಸ್ಯ ಇತಿಹಾಸದಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯ ಹಂಚಿದ ಪುಟವನ್ನೇ ಯಾರೋ ಚಾಕುವಿನಿಂದ ಕತ್ತರಿಸಿದ್ದಾರೆ ಎಂದು ಓದಿದೆ. ಹಾಗಿದ್ದರೆ ಅದೇ ದೊಡ್ಡ ಸಾಕ್ಷಿಯಲ್ಲವೇ?

ಓಲೆಗರಿ:
ನಂಬಬೇಡಿ. 215ನೇ ಖಂಡದಲ್ಲಿ, ನಮ್ಮ ಹೆಣ್ಣು ಸಂತತಿಗೂ ಅನುಗ್ರಹ ಮಾಡೋಣ ಎಂದು ಚಂಗೀಸ್ ಹೇಳುವ ಒಂದು ವಾಕ್ಯವಿದೆ. ಮುಂದಿನ ಖಂಡ ಹಿರಿಯ ಉಸುನ್‌ಗೆ ಪದವಿ ಕೊಡುವ ಮಾತಿಗೆ ಹೋಗುತ್ತದೆ. ನಡುವೆ ಏನೋ ಬಿಟ್ಟುಹೋಗಿದೆ ಎನ್ನಿಸುವುದು ಸಹಜ. ಆದರೆ ಮೂಲ ಹಸ್ತಪ್ರತಿಯೇ ಉಳಿದಿಲ್ಲ. ನಮಗಿರುವ ಪೂರ್ಣ ಪಾಠ ಮಿಂಗ್ ಕಾಲದಲ್ಲಿ ಮಂಗೋಲ್ ಉಚ್ಚಾರಣೆಯನ್ನು ಚೀನೀ ಅಕ್ಷರಗಳಲ್ಲಿ ಬರೆದುಕೊಂಡದ್ದು. ಚಾಕುವಿನ ಗುರುತು ತೋರಿಸಲು ಹಾಳೆಯೇ ಇಲ್ಲ.

ಇಲ್ಲದ ಪುಟದ ಹಿಂದೆ ಹೋಗುವುದಕ್ಕಿಂತ ಇರುವ ಸಾಕ್ಷಿ ಹಿಡಿಯಿರಿ. ಚಂಗೀಸನ ಮಗಳು ಅಲಖಾಯಿ ಬೆಕಿ ಗೋಬಿಯ ದಕ್ಷಿಣದ ಓಂಗುತ್ ರಾಜ್ಯಕ್ಕೆ ಮದುವೆಯಾಗಿ ಹೋಗಿ ಅದನ್ನು ಆಳಿದಳು. ಚೀನೀ ಬಿರುದು "ಜಿಯಾನ್‌ಗುವೋ ಗೊಂಗ್‌ಜು", ರಾಜ್ಯ ನೋಡಿಕೊಳ್ಳುವ ರಾಜಕುಮಾರಿ ಎಂದರ್ಥ. ಆ ಬಿರುದು ಕೆತ್ತಿದ ಕಂಚಿನ ಮುದ್ರೆ ಒಳ ಮಂಗೋಲಿಯದಲ್ಲಿ ಸಿಕ್ಕಿದೆ. 1221ರಲ್ಲಿ ಬಂದ ದಕ್ಷಿಣ ಚೀನಾದ ಸೋಂಗ್ ಅರಸರ ದೂತ, ಅವಳು ನಿತ್ಯ ಗ್ರಂಥ ಓದುತ್ತಾಳೆ, ಶಿಕ್ಷೆ ವಿಧಿಸುವ ಅಧಿಕಾರ ಅವಳದೇ ಎಂದು ಬರೆದಿದ್ದಾನೆ.

ಸಂತೆಪೇಟೆ:
1221ರಲ್ಲಿ ಇರಾನಿನ ನಿಶಾಪುರದಲ್ಲಿ ಸಾಮೂಹಿಕ ಕೊಲೆ ಮಾಡಿಸಿದವಳೂ ಚಂಗೀಸನ ಮಗಳೇ ಎನ್ನುತ್ತಾರಲ್ಲ?

ಓಲೆಗರಿ:
ಜುವೈನಿ ಹಾಗೆ ಬರೆದಿದ್ದಾನೆ. ಅಳಿಯ ತೊಗಾಚಾರ್ ಅಲ್ಲಿ ಬಾಣ ತಗುಲಿ ಸತ್ತಿದ್ದ. ಊರು ಬಿದ್ದ ಮೇಲೆ ಅವನ ಹೆಂಡತಿ ತನ್ನ ಪರಿವಾರದೊಂದಿಗೆ ಒಳಹೊಕ್ಕು ಉಳಿದವರನ್ನು ಕೊಲ್ಲಿಸಿದಳು ಎಂದು. ಅವನು ಹೆಸರು ಕೊಡುವುದಿಲ್ಲ. ಹೆಸರು ಸೇರಿಸಿ ಹೇಳುವವರು ಬೇರೆ ಪಟ್ಟಿಯಿಂದ ತಂದು ಜೋಡಿಸಿದ್ದಾರೆ. ಇಂಥ ಪುಟವನ್ನು ಮುಚ್ಚಿಡುವ ಅಗತ್ಯವಿಲ್ಲ.

ಹಾಯಿದೋಣಿ:
ಚರ್ಚೆ ಪೂರ್ವದಲ್ಲೇ ನಿಂತಿದೆ, ಪಶ್ಚಿಮದ ಕಡೆಗೂ ಸ್ವಲ್ಪ ಬರೋಣ. ಮಧ್ಯ ಏಷ್ಯದ ಚಗತಾಯಿ ಸೀಮೆಯನ್ನು 1252ರಿಂದ ಸುಮಾರು ಒಂಬತ್ತು ವರ್ಷ ಆಳಿದವಳು ಓರ್ಘಿನಾ ಖಾತೂನ್, ಚಂಗೀಸನ ಮಗಳ ಮಗಳು. ಗಂಡ ಅಧಿಕಾರ ವಹಿಸಿಕೊಳ್ಳಲು ಬರುವ ದಾರಿಯಲ್ಲೇ ಸತ್ತ, ಮಗ ಚಿಕ್ಕವನು. ಹುಲಗು ಬಾಗ್ದಾದಿನ ಕಡೆ ದೊಡ್ಡ ಸೈನ್ಯದೊಂದಿಗೆ ಹೊರಟಾಗ ಅವಳ ಸೀಮೆಯ ಮೂಲಕವೇ ಹಾದ. ಔತಣ ಮಾಡಿ ಕಳಿಸಿದವಳು ಅವಳು.

ವೋಲ್ಗಾದ ಕಡೆ 1330ರ ದಶಕದಲ್ಲಿ ಇಬ್ನ್ ಬತೂತ ಕಂಡದ್ದು ಇದು. ಉಜ್ಬೆಕ್ ಖಾನ್ ಶುಕ್ರವಾರ ಚಿನ್ನದ ಡೇರೆಯಲ್ಲಿ ದರ್ಬಾರು ನಡೆಸುತ್ತಾನೆ, ಬಲಕ್ಕೂ ಎಡಕ್ಕೂ ಇಬ್ಬಿಬ್ಬರು ಖಾತೂನರು. ಹಿರಿಯ ಖಾತೂನ್ ತೈತುಘ್ಲಿ ಬಂದಾಗ ಖಾನ್ ಎದ್ದು ಬಾಗಿಲವರೆಗೆ ಹೋಗಿ ಕೈಹಿಡಿದು ಕರೆತಂದು, ಅವಳು ಕೂತ ಮೇಲೆ ತಾನು ಕೂರುತ್ತಾನೆ. ಎಲ್ಲವೂ ಜನರ ಕಣ್ಣೆದುರು, ಪರದೆಯಿಲ್ಲದೆ. ಈ ಗೌರವ ಕಂಡು ಬತೂತನಿಗೆ ಅಚ್ಚರಿ. ಇದೇ ಬತೂತ ಮುಂದೆ ನಮ್ಮ ಹೊನ್ನಾವರಕ್ಕೂ ಬಂದು, ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ಕಂಡೆ ಎಂದು ಬರೆದ. ಹೆಂಗಸರ ಸ್ಥಿತಿಗತಿ ಗಮನಿಸುವ ಕಣ್ಣು ಅವನಿಗೆ ಇತ್ತು, ಹಾಗಾಗಿ ಅವನ ಸಾಕ್ಷ್ಯಕ್ಕೆ ತೂಕವಿದೆ.

ತೇರುಗಾಲಿ:
ಭಾರತಕ್ಕೆ ಇದರ ನಂಟು?

ಹಾಯಿದೋಣಿ:
ನೇರ ನಂಟೇ ಇದೆ. ಚಂಗೀಸನ ಗಂಡು ಸಂತತಿಯಲ್ಲದವನು ಖಾನ್ ಆಗುವಂತಿರಲಿಲ್ಲ. ತೈಮೂರ್ ಚಗತಾಯಿ ಖಾನ್ ಕಜಾನ್‌ನ ಮಗಳು ಸರಾಯ್ ಮುಲ್ಕ್ ಖಾನಂಳನ್ನು ಮದುವೆಯಾಗಿ "ಗುರೆಗೆನ್" ಎಂಬ ಬಿರುದು ಪಡೆದ. ಅರ್ಥ: ಅಳಿಯ. ಪರ್ಷಿಯನ್ನಿನಲ್ಲಿ ಅದು "ಗುರ್ಕಾನ್". ನಾವು ಮೊಘಲರು ಎನ್ನುವ ವಂಶ ತನ್ನನ್ನು ಕರೆದುಕೊಂಡದ್ದು ಗುರ್ಕಾನಿ ಎಂದು. ದೆಹಲಿ ಆಗ್ರಾದ ಬಾದಶಹರ ಮನೆತನದ ಹೆಸರು ನಿಂತಿರುವುದು ಒಬ್ಬ ಮಂಗೋಲ್ ಹೆಣ್ಣಿನ ಮೇಲೆ. ಬಾಬರನ ತಾಯಿ ಕುತ್ಲುಘ್ ನಿಗಾರ್ ಖಾನಂ ಕೂಡ ಚಗತಾಯಿ ವಂಶದ ಯೂನುಸ್ ಖಾನನ ಮಗಳು. 1494ರಲ್ಲಿ ಹನ್ನೊಂದರ ಬಾಬರ್ ಪಟ್ಟಕ್ಕೆ ಬಂದಾಗ ಅವನನ್ನು ಇಳಿಸುವ ಸಂಚನ್ನು ಮುರಿದವಳು ಅಜ್ಜಿ ಐಸನ್ ದೌಲತ್ ಬೇಗಂ.

ಮಸಿಕುಡಿಕೆ:
ಈ ಹೆಸರುಗಳನ್ನು ಹುಡುಕುವುದೇ ಕಷ್ಟ. ಒಂದೊಂದು ಕಡೆ ಒಂದೊಂದು ರೀತಿ.

ಓಲೆಗರಿ:
ಮೂರು ವಿಷಯ ನೆನಪಿಟ್ಟುಕೊಳ್ಳಿ. ಚೀನೀ ದಾಖಲೆಯಲ್ಲಿ ತೊರೆಗೆನೆ ಎಂದು ಹುಡುಕಿದರೆ ಹಲವು ಕಡೆ ಸಿಗುವುದಿಲ್ಲ, "ನೈಮಾಜಿನ್" ಎಂದು ಹುಡುಕಬೇಕು. ನೈಮನ್ ಕುಲದ ಹೆಣ್ಣು ಎಂದರ್ಥ. ಕುಲದ ಹೆಸರಿಗೆ "ಜಿನ್" ಸೇರಿಸಿದರೆ ಸ್ತ್ರೀಲಿಂಗ. ಎರಡು, ಒಂದೇ ಹೆಸರಿನ ಹಲವರು ಇರುತ್ತಾರೆ. ಇರಾನಿನಲ್ಲೇ ಬುಲುಘಾನ್ ಖಾತೂನ್ ಒಬ್ಬಳಲ್ಲ. 1286ರಲ್ಲಿ ತೀರಿಕೊಂಡ ಹಿರಿಯ ಬುಲುಘಾನಳ ಜಾಗಕ್ಕೆ ಅವಳ ಕುಲದ ಹೆಣ್ಣೇ ಬೇಕೆಂದು ಅರ್ಘುನ್ ಖಾನ್ ಕುಬ್ಲಾಯಿಯನ್ನು ಕೇಳಿದ್ದು, ಮಾರ್ಕೊ ಪೋಲೊ ಜೊತೆಯಲ್ಲಿ ಬಂದ ಕೋಕೆಜಿನ್ ಆ ಹೆಣ್ಣು. ಅವಳು ತಲುಪುವಷ್ಟರಲ್ಲಿ ಅರ್ಘುನ್ ಸತ್ತಿದ್ದ, ಮಗ ಗಜಾನ್ ಮದುವೆಯಾದ. ಮೂರು, ಓರ್ದೊ ಒಬ್ಬಳಿಂದ ಇನ್ನೊಬ್ಬಳಿಗೆ ಸಾಗುತ್ತದೆ. ಹುಲಗುವಿನ ಹೆಂಡತಿ ದೋಕುಜ್ ಖಾತೂನ್ 1265ರಲ್ಲಿ ತೀರಿಕೊಂಡ ಮೇಲೆ ಅವಳ ಓರ್ದೊ ಸೋದರನ ಮಗಳು ತುಕ್ತಾನಿಗೆ ಹೋಯಿತು. ವ್ಯಕ್ತಿಯ ಜಾಡು ತಪ್ಪಿದಾಗ ಓರ್ದೊದ ಜಾಡು ಹಿಡಿದರೆ ಸಿಗುತ್ತಾಳೆ.

ಟಂಕಸಾಲೆ:
ತೊರೆಗೆನೆಯ ವಿಷಯದಲ್ಲಿ ತೊಲುಯಿ ಮನೆಯ ಬರಹಗಾರರ ಕೈ ಸೋಕದ ಸಾಕ್ಷಿ ಒಂದೂ ಇಲ್ಲವೇ?

ಹುಲ್ಲುಬಯಲು:
ಒಂದು ಕಲ್ಲು ಇದೆ. ಚೀನಾದ ಹೆನಾನ್ ಪ್ರಾಂತ್ಯದ ಜಿಯುವಾನ್‌ನಲ್ಲಿ, ಒಂದು ದಾವೋ ಮಠದ ಶಾಸನ. ಕಾಲ 1240, ಅಂದರೆ ಒಗೆದೈ ಇನ್ನೂ ಬದುಕಿದ್ದಾಗಿನದು. ದಾವೋ ಧರ್ಮಗ್ರಂಥಗಳ ಮುದ್ರಣಕ್ಕೆ ಸಂಬಂಧಿಸಿದ ಆಜ್ಞೆ. ಚೀನೀ ಪಾಠದ ಕೊನೆಗೆ ಉಯ್ಘುರ್ ಮಂಗೋಲ್ ಲಿಪಿಯ ಕೆಲವು ಸಾಲುಗಳಿವೆ, ಆ ಲಿಪಿಯಲ್ಲಿ ಉಳಿದಿರುವ ಅತಿ ಹಳೆಯ ಸಾಲುಗಳಲ್ಲಿ ಸೇರಿದವು. ಆಜ್ಞೆ ಶುರುವಾಗುವುದು ಚಕ್ರವರ್ತಿಯ ಹೆಸರಿನಿಂದ, ಹೊರಡುವುದು "ಯೆಕೆ ಖಾತೂನ್", ದೊಡ್ಡ ರಾಣಿಯಿಂದ. ನಿಮ್ಮ ನಾಣ್ಯದ ಹಾಗೆಯೇ ಇಲ್ಲೂ ಹೆಸರಿಲ್ಲ, ಪದವಿ ಮಾತ್ರ. ಆ ಪದವಿ ತೊರೆಗೆನೆಯದೆಂದು ಗುರುತಿಸಿದ್ದಾರೆ, ಒಪ್ಪಬಹುದು. ಗಂಡ ಸಾಯುವುದಕ್ಕೆ ಒಂದು ವರ್ಷಕ್ಕೂ ಮೊದಲೇ ಅವಳ ಆಜ್ಞೆ ಹಳದಿ ನದಿಯ ಉತ್ತರ ದಂಡೆಯಲ್ಲಿ ಕಲ್ಲಿನ ಮೇಲೆ ಕೂತಿತ್ತು.